ಕುದುರೆ ಎಷ್ಟು ಹಗುರವಿರಬೇಕು?

ನರಗುಂದದ ಗುಡ್ಡ ಎರಡು ತಲೆಮಾರಿನ ಬಂದೂಕುಗಳನ್ನು ಎದುರಿಸಿದೆ. 1785ರಲ್ಲಿ ಕಪ್ಪದ ಜಗಳ ತೆಗೆದು ಟಿಪ್ಪುವಿನ ದಂಡು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸಿಪಾಯಿಗಳ ಹೆಗಲ ಮೇಲೆ ಚಕಮಕಿ ಕಲ್ಲಿನ ಬಂದೂಕುಗಳಿದ್ದವು. ಅಲ್ಲಿಂದ ಹಬ್ಬಿದ ಮರಾಠರ ಜೊತೆಗಿನ ಯುದ್ಧ 1787ರಲ್ಲಿ ಗಜೇಂದ್ರಗಡದ ಒಪ್ಪಂದಕ್ಕೆ ಬಂದು ನಿಂತಿತು. ಮುಂದೆ 1858ರ ಜೂನ್ ಆರಂಭದಲ್ಲಿ ನರಗುಂದದ ಅರಸ ಬಾಬಾಸಾಹೇಬನ ಬಂಡಾಯ ಮುರಿಯಲು ಬಂದ ಕಂಪನಿಯ ದಂಡಿನ ಬಂದೂಕುಗಳಲ್ಲಿ ಕಲ್ಲಿನ ಜಾಗಕ್ಕೆ ತಾಮ್ರದ ಕೇಪು ಬಂದಿತ್ತು. ಇವೆರಡಕ್ಕಿಂತಲೂ ಹಳೆಯದಾದ ಜಾಮಗಿ ಬಂದೂಕು ಆಗಲೂ ನಾಡಿನ ಹಳ್ಳಿಗಳಲ್ಲಿ ಬದುಕಿತ್ತು. 1857ರ 28ನೆಯ ಕಾಯ್ದೆ ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ತಿರುಗಿ ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಜಾಮಗಿ ಬಂದೂಕಿನಲ್ಲಿ ಕುದುರೆಗೆ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರಿಗೆ, ನಿಜವಾದ ದುಡಿಮೆ ಇತ್ತು. ಬೆರಳು ಎಳೆದಷ್ಟು ಉರಿಯುವ ಬತ್ತಿ ಬಾಗಿ, ಬದಿಯ ಬಟ್ಟಲಿನ ಮದ್ದಿಗೆ ತಾಗಬೇಕು. ಬೆರಳಿನ ಬಲವೇ ಎಲ್ಲ. ಚಕಮಕಿ ಬಂದ ಮೇಲೆ ಹೊಡೆಯುವ ಬಲ ಸ್ಪ್ರಿಂಗಿನ ಪಾಲಿಗೆ ಹೋಯಿತು. ಅದನ್ನು ಮೊದಲೇ ಬಿಗಿದು ಒಂದು ಕೊಕ್ಕೆಗೆ ಸಿಕ್ಕಿಸಿಡುತ್ತಾರೆ. ಕುದುರೆ ಆ ಕೊಕ್ಕೆಯನ್ನು ತಪ್ಪಿಸಿದರೆ ಮುಗಿಯಿತು. ಇವತ್ತು ಲಕ್ಷಗಟ್ಟಲೆ ಬೆಲೆಯ ರೈಫಲ್ಲಿನ ಕುದುರೆಯೂ ಮಾಡುವುದು ಇಷ್ಟನ್ನೇ. ಕೊಕ್ಕೆಗೆ ಸಿಯರ್ ಎಂದು ಹೆಸರು.

ನಮ್ಮ ಕಡೆ ಪೊಲೀಸರ ಕೈಯಲ್ಲಿ ಬಹಳ ಕಾಲ ಕಂಡ ತ್ರೀ-ನಾಟ್-ತ್ರೀ, ಅಂದರೆ ಲೀ-ಎನ್‌ಫೀಲ್ಡ್, ಇದನ್ನು ನೋಡಲು ಒಳ್ಳೆಯ ಮಾದರಿ. ಬಾಗಿಲ ಚಿಲಕದ ಹಾಗೆ ಬೋಲ್ಟನ್ನು ಎತ್ತಿ, ಹಿಂದೆಳೆದು, ಮುಂದೆ ತಳ್ಳಿ, ಕೆಳಗೊತ್ತಬೇಕು. ಮುಂದೆ ತಳ್ಳುವಾಗ ತೋಟಾಕ್ಕೆ ಹೊಡೆಯುವ ಸೂಜಿಯ ಹಿಂತುದಿ ಸಿಯರಿಗೆ ಸಿಕ್ಕಿಕೊಳ್ಳುತ್ತದೆ, ಸ್ಪ್ರಿಂಗು ಬಿಗಿಯುತ್ತದೆ. ಈಗ ಕುದುರೆಗೆ ಬನ್ನಿ. ಅದರ ಮೇಲ್ತುದಿಯಲ್ಲಿ ಎರಡು ಸಣ್ಣ ಉಬ್ಬುಗಳಿವೆ. ಮೊದಲ ಉಬ್ಬು ಸಿಯರಿಗೆ ಒತ್ತಿದಾಗ ಕುದುರೆ ಸುಮಾರು ಒಂದೂವರೆ ಕಿಲೋ ಬಲಕ್ಕೆ ಉದ್ದಕ್ಕೂ ಮೆತ್ತಗೆ ಬರುತ್ತದೆ, ಸಿಯರ್ ಬಹುಪಾಲು ಜಾರಿ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ಎರಡನೆಯ ಉಬ್ಬು ತಾಗಿ ಬೆರಳಿಗೆ ಒಂದು ಗೋಡೆ ಸಿಕ್ಕಂತಾಗುತ್ತದೆ. ಇನ್ನೊಂದು ಕಿಲೋದಷ್ಟು ಹೆಚ್ಚು ಒತ್ತಿದರೆ ಗುಂಡು ಹೊರಟಿತು. ಎರಡು ಹಂತದ ಕುದುರೆ ಎನ್ನುವುದು ಇದನ್ನೇ. ಓಡಿ ಬಂದು ಏದುಸಿರು ಬಿಡುತ್ತಾ, ಚಳಿಗೆ ಮರಗಟ್ಟಿದ ಬೆರಳಿನಿಂದ ಹಿಡಿಯುವ ಸಿಪಾಯಿಗೆ ‘ಇಲ್ಲಿಯವರೆಗೆ ಏನೂ ಆಗದು, ಇನ್ನು ಮುಂದೆ ಆಗುತ್ತದೆ’ ಎಂಬ ಗಡಿ ಬೆರಳಿಗೇ ತಿಳಿಯುತ್ತದೆ.

ಇಷ್ಟು ಭಾರ ಯಾಕೆ ತೊಂದರೆ ಎಂಬುದಕ್ಕೆ ಲೆಕ್ಕ ಸರಳ. ರೈಫಲ್ಲಿನ ತೂಕ ಹತ್ತಿರ ಹತ್ತಿರ ನಾಲ್ಕು ಕಿಲೋ, ಬೆರಳು ಹಾಕುವ ಬಲ ಎರಡೂವರೆ ಕಿಲೋ. ಅದರಲ್ಲಿ ಚೂರು ಪಾಲು ಪಕ್ಕಕ್ಕೆ ಹೋದರೂ ನಳಿಗೆ ತಿರುಗುತ್ತದೆ. ಹಿಂದಿನ ಮುಂದಿನ ಗುರಿಗಳ ನಡುವೆ ಅರ್ಧ ಮೀಟರ್ ಇದೆ ಎನ್ನಿ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನೂರು ಮೀಟರಿನಲ್ಲಿ ಇಪ್ಪತ್ತು ಸೆಂಟಿಮೀಟರ್ ತಪ್ಪುತ್ತದೆ. ಹೀಗಾಗಿ ಗುರಿಕಾರರು ಹೊಸ ಕುದುರೆ ಹುಡುಕಿಕೊಂಡು ಹೊರಡುತ್ತಾರೆ. ಹೊರಟವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹಗುರ?’ ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ್ದು. ಮೊದಲು ಕೇಳಬೇಕಾದ್ದು, ಪ್ರತಿ ಸಲವೂ ಒಂದೇ ಸಮ ಬಿಡುತ್ತದೆಯೇ ಎಂದು.

ಇದಕ್ಕೆ ಲೀ-ಎನ್‌ಫೀಲ್ಡಿನಲ್ಲೇ ಸೊಗಸಾದ ಪಾಠವಿದೆ. ಹಳೆಯ ಮಾದರಿಗಳಲ್ಲಿ ಸಿಯರ್ ಕೂತಿರುವುದು ಮೇಲಿನ ಉಕ್ಕಿನ ಒಡಲಿನಲ್ಲಿ. ಕುದುರೆ ತೂಗುತ್ತಿದ್ದುದು ಮಾತ್ರ ಕೆಳಗಿನ ಗಾರ್ಡಿನಲ್ಲಿ. ಎರಡರ ನಡುವೆ ಹಿಡಿಮರ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆಗುಂಬೆಯ ಶ್ರಾವಣದಲ್ಲಿ ಸರಿಯಾಗಿ ಹದಮಾಡಿದ ಕುದುರೆ ರೋಣದ ಏಪ್ರಿಲ್ ಬಿಸಿಲಿಗೆ ಬಂದರೆ ಉಬ್ಬುಗಳಿಗೂ ಸಿಯರಿಗೂ ಇರುವ ಅಂತರವೇ ಬದಲಾಗಿರುತ್ತದೆ, ಎರಡು ಹಂತಗಳು ಕಲಸಿ ಹೋಗಲೂಬಹುದು. 1949ರಲ್ಲಿ ಬಂದ ನಾಲ್ಕನೇ ನಂಬರಿನ ರೈಫಲ್ಲಿನ ಎರಡನೆಯ ಮಾರ್ಕಿನಲ್ಲಿ ಕುದುರೆಯನ್ನೂ ಉಕ್ಕಿನ ಒಡಲಿಗೇ ನೇತುಹಾಕಿದರು. ಭಾರ ಇಳಿಸಲಿಲ್ಲ, ಮರವನ್ನು ನಡುವಿನಿಂದ ತೆಗೆದರು, ಅಷ್ಟೇ.

ಇವತ್ತು ಮಿಲಿಟರಿ ಮಾದರಿಯ ಬೋಲ್ಟ್ ರೈಫಲ್ ಕಟ್ಟುವವರ ಮೆಚ್ಚಿನ ಅಡಿಪಾಯ ರೆಮಿಂಗ್ಟನ್ 700. ಅಮೆರಿಕದ ಸೇನೆಯ ಎಂ24, ಮೆರೀನ್ ಪಡೆಯ ಎಂ40 ಎರಡೂ ಇದರ ಮೇಲೆಯೇ ಕಟ್ಟಿದವು. ಇದರ ಕುದುರೆ ಒಂದು ಪುಟ್ಟ ಡಬ್ಬಿಯೊಳಗಿದ್ದು ಎರಡು ಪಿನ್ನು ತೆಗೆದರೆ ಹೊರಬರುತ್ತದೆ. ಅದರ ಜಾಗಕ್ಕೆಂದೇ ಟಿಮ್ನಿ, ಟ್ರಿಗರ್‌ಟೆಕ್ ಮುಂತಾದ ಕಂಪನಿಗಳು ಬೇರೆ ಕುದುರೆ ಮಾಡುತ್ತವೆ. ಸಾಮಾನ್ಯ ಕುದುರೆಯಲ್ಲಿ ಉಕ್ಕಿನ ಮೇಲೆ ಉಕ್ಕು ಉಜ್ಜಿಕೊಂಡು ಜಾರುತ್ತದೆ. ಮೇಲ್ಮೈ ಒರಟಾಗಿದ್ದರೆ ಬೆರಳಿಗೆ ಆ ತೆವಳಿಕೆ ಗೊತ್ತಾಗುತ್ತದೆ. ಟ್ರಿಗರ್‌ಟೆಕ್‌ನವರು ನಡುವೆ ಒಂದು ಪುಟ್ಟ ಉರುಳೆ ಇಟ್ಟು ಉಜ್ಜುವುದನ್ನು ಉರುಳುವುದಾಗಿ ಮಾಡಿದ್ದಾರೆ. ಜಾಣತನ, ಒಪ್ಪಬೇಕು.

ಮೂಲ ರೆಮಿಂಗ್ಟನ್ ಕುದುರೆಯದು ಬೇರೆಯದೇ ಕಥೆ. ಬಿಡುಗಡೆ ಚುರುಕಾಗಲೆಂದು ಅದರಲ್ಲಿ ಕುದುರೆಗೂ ಸಿಯರಿಗೂ ನಡುವೆ ಕನೆಕ್ಟರ್ ಎಂಬ ಬಿಡಿ ತುಂಡು ಇತ್ತು. ಅದರ ಹಿಂದೆ ಧೂಳೋ ಗಟ್ಟಿಯಾದ ಎಣ್ಣೆಯೋ ಸೇರಿ ತುಂಡು ತನ್ನ ಜಾಗಕ್ಕೆ ಮರಳದಿದ್ದರೆ, ಬೆರಳು ಮುಟ್ಟದೆಯೂ ಗುಂಡು ಹಾರಬಹುದು ಎಂಬ ದೂರು ವರ್ಷಗಟ್ಟಲೆ ಕೋರ್ಟು ಹತ್ತಿತು. ಫೆಬ್ರುವರಿಯಿಂದ ಎರೆ ಹೊಲದ ಧೂಳು ಮೂಗು, ಮಿಕ್ಸರು, ಮೊಬೈಲು ಯಾವುದನ್ನೂ ಬಿಡದ ನಮ್ಮ ತಾಲ್ಲೂಕುಗಳಲ್ಲಿ ಇಂಥ ಸೂಕ್ಷ್ಮ ಡಬ್ಬಿಗೆ ಎಣ್ಣೆ ಸುರಿಯುವುದೆಂದರೆ ಧೂಳಿಗೆ ಅಂಟು ಕೊಟ್ಟಂತೆ.

ಹಗುರತನಕ್ಕೂ ತಳವಿದೆ. ಕುದುರೆಯ ತುಂಡು ಹತ್ತು ಗ್ರಾಂ, ಅದನ್ನು ಎಳೆಯಲು ಬೇಕಾದ ಬಲ 250 ಗ್ರಾಂ ಎಂದಿಟ್ಟುಕೊಳ್ಳಿ. ಗುರುತ್ವದ ಇಪ್ಪತ್ತೈದು ಪಟ್ಟು ಆಘಾತವಾದರೆ ಸಾಕು, ಕುದುರೆ ತನ್ನ ತೂಕಕ್ಕೇ ಅಲುಗುತ್ತದೆ. ಗಜೇಂದ್ರಗಡದ ಬಂಡೆಯ ಮೇಲೆ ರೈಫಲ್ ಕೈಜಾರಿ ಬಿದ್ದರೆ ಆಗುವ ಆಘಾತ ಅದಕ್ಕಿಂತ ಬಹಳ ಹೆಚ್ಚು. ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲೂ ಹತ್ತು ಮೀಟರ್ ಏರ್ ರೈಫಲ್ಲಿನ ಕುದುರೆಗೆ ಕನಿಷ್ಠ ಭಾರವೇ ಇಲ್ಲ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ಲಿಗೆ 1500 ಗ್ರಾಂ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿಗೆ ಹೋಗಿದ್ದ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿಯವರ ವಿಭಾಗದಲ್ಲಿ ಏರ್ ರೈಫಲ್ಲಿನ ಭಾರವನ್ನು ಸ್ಟ್ಯಾಂಡ್ ಹೊರುತ್ತದೆ. ಅಂಥ ಕಡೆ ಉಸಿರಿನಷ್ಟು ಹಗುರ ಕುದುರೆಗೆ ಅರ್ಥವಿದೆ. ಹೊತ್ತು ತಿರುಗುವ ಬೋಲ್ಟ್ ರೈಫಲ್ಲಿಗೆ ನಾನಾದರೆ ಎರಡು ಹಂತದ, ಒಟ್ಟು ಒಂದೂವರೆ ಕಿಲೋ ಆಸುಪಾಸಿನದನ್ನೇ ಆರಿಸುವೆ.

ಆರಿಸುವ ಸ್ವಾತಂತ್ರ್ಯ ಇಲ್ಲಿ ಅಷ್ಟಿಲ್ಲ ಎನ್ನುವುದು ಬೇರೆ ಮಾತು. ತ್ರೀ-ನಾಟ್-ತ್ರೀ ತೋಟಾ ಸೇನೆಯದೆಂದು ನಿಷಿದ್ಧವಾದ್ದರಿಂದ ಸರ್ಕಾರಿ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಒಡಲನ್ನು .315 ಅಳತೆಗೆ ಮಾಡಿ ಪರವಾನಗಿದಾರರಿಗೆ ಮಾರುತ್ತಾ ಬಂದಿದೆ. 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕಿನ ಬಿಡಿಭಾಗವೂ ಬಂದೂಕೇ. ರಿಪೇರಿ ಮಾಡುವವನಿಗೂ ಪರವಾನಗಿ ಬೇಕು. ಹಾಗಾಗಿ ಕುದುರೆ ಬದಲಿಸುವ ಕೆಲಸ ಪರವಾನಗಿಯುಳ್ಳ ಮಿಸ್ತ್ರಿಯ ಟೇಬಲ್ಲಿಗೇ ಹೋಗಬೇಕು. ಅವನು ಖಾಲಿ ರೈಫಲ್ಲನ್ನು ಬಿಗಿದು, ನಳಿಗೆ ಮೇಲಾಗಿ ನಿಲ್ಲಿಸಿ, ಕುದುರೆಗೆ ತೂಕ ನೇತುಹಾಕಿ ಹತ್ತಾರು ಸಲ ನೋಡುತ್ತಾನೆ. ಬೋಲ್ಟನ್ನು ರಪ್ಪನೆ ಮುಚ್ಚುತ್ತಾನೆ, ಹಿಡಿಮರದ ಬುಡವನ್ನು ರಬ್ಬರು ಹಾಸಿನ ಮೇಲೆ ಕುಟ್ಟುತ್ತಾನೆ. ಇಷ್ಟರಲ್ಲಿ ಒಂದು ಸಲ ತಾನಾಗಿ ಟಕ್ ಎಂದರೂ ಆ ಕುದುರೆ ಡಬ್ಬಿಗೆ ವಾಪಸ್.