ನಿಮಗಿದು ಗೊತ್ತೇ? ಕುನ್ನಿಮರಿಯ ಕುಸ್ತಿ, ಹಿರಿಯ ನಾಯಿಯ ಗದರಿಕೆ

ಭಟ್ಕಳದ ಮಾವಿನಕುರ್ವೆ ಬಂದರಿನ ಧಕ್ಕೆಯಲ್ಲಾಗಲಿ, ಹೊನ್ನಾವರ, ಕುಮಟಾ ಕಡೆಯ ಮನೆಯಂಗಳದಲ್ಲಾಗಲಿ, ಹೊಸ ಕುನ್ನಿಮರಿ ಬಂದರೆ ಸಾಕು, ಹಳೆಯ ನಾಯಿಯ ಕಿವಿಗೆ ಜೋತುಬೀಳುತ್ತದೆ. ದೊಡ್ಡದು ಅದನ್ನು ಕೆಡವಿ ಕುತ್ತಿಗೆಗೆ ಬಾಯಿ ಹಾಕುತ್ತದೆ. ‘ಅಯ್ಯೋ, ಮರಿಯನ್ನು ಕೊಂದೇಬಿಡ್ತದೆ’ ಎಂದು ಮನೆಯವರು ಕೋಲು ಹಿಡಿದು ಓಡುತ್ತಾರೆ. ಕೋಲೆತ್ತುವ ಮೊದಲು ಇಷ್ಟು ತಿಳಿದಿರಲಿ.

ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ನಿಂತರೆ ‘ಬಾ, ಆಡೋಣ’ ಎಂದರ್ಥ. ಇದು ಆಟದ ಶುರುವಿಗೆ ಮಾತ್ರವಲ್ಲ ಎಂಬುದು ಗೊತ್ತೇ? ಅಮೆರಿಕದ ವಿಜ್ಞಾನಿ ಮಾರ್ಕ್ ಬೆಕಾಫ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆ ಕೊಡವುತ್ತ ಜೋರಾಗಿ ಕಚ್ಚುವುದಕ್ಕೆ ಸ್ವಲ್ಪ ಮೊದಲು ಅಥವಾ ಕಚ್ಚಿದ ಕೂಡಲೇ ನಾಯಿಗಳು ಹೀಗೆ ಬಾಗುವುದು ಕಂಡುಬಂತು. ಕಚ್ಚಿದ್ದು ಸಿಟ್ಟಿನಿಂದಲ್ಲ, ತಪ್ಪು ತಿಳಿಯಬೇಡ ಎಂಬ ಸೂಚನೆ.

ಎದುರಿನ ನಾಯಿ ಮುಖ ತಿರುಗಿಸಿಕೊಂಡಿದ್ದರೆ? ಮೊದಲು ಮೂತಿಯಿಂದ ತಿವಿದೋ ಬೊಗಳಿಯೋ ಅದರ ಗಮನ ಸೆಳೆದು, ಆಮೇಲೆ ಆಟಕ್ಕೆ ಕರೆಯುತ್ತವೆ. ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಇದನ್ನು ದಾಖಲಿಸಿದರು.

ಬಲಶಾಲಿ ನಾಯಿ ಬೇಕೆಂದೇ ಸೋಲುತ್ತದೆ! ಮರಿಯ ಮುಂದೆ ಅಂಗಾತ ಬಿದ್ದುಕೊಳ್ಳುತ್ತದೆ, ಓಟ ನಿಧಾನ ಮಾಡುತ್ತದೆ, ಹಲ್ಲು ತಾಗಿಸಿ ಬಿಟ್ಟುಬಿಡುತ್ತದೆ. ಹೀಗೆ ತನ್ನ ಬಲ ತಾನೇ ತಗ್ಗಿಸಿಕೊಳ್ಳುವುದರಿಂದಲೇ ಪುಟ್ಟ ಮರಿಗೂ ಆಟದಲ್ಲಿ ಜಾಗ ಸಿಗುತ್ತದೆ.

ಅಟ್ಟುವುದು, ಕೆಡವುವುದು, ಕುತ್ತಿಗೆ ಹಿಡಿಯುವುದು ಇವೆಲ್ಲ ಬೇಟೆ ಮತ್ತು ಕಾಳಗದ ಪಟ್ಟುಗಳೇ. ಅದೇ ಪಟ್ಟು ನಿಜವಾದಾಗ ಏನಾಗುತ್ತದೆಂದು ನಮ್ಮ ನಾಡಿನ ಕಲ್ಲೊಂದು ಹೇಳುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಶಾಸನದಲ್ಲಿ ‘ಕಾಳಿ’ ಎಂಬ ಬೇಟೆನಾಯಿಯ ಕಥೆಯಿದೆ. ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಅಂಗಳದ ಕುಸ್ತಿಯಲ್ಲಿ ಪಟ್ಟು ಅದೇ, ಕಚ್ಚಿನ ಬಿಗಿ ಮಾತ್ರ ಬೇರೆ.

ಆ ಬಿಗಿಯ ಅಳತೆ ಮರಿಗೆ ಹುಟ್ಟಿನಿಂದ ಬರುವುದಿಲ್ಲ. ಸುಮಾರು 3 ವಾರಕ್ಕೆ ಮೊಳೆಯತೊಡಗುವ 28 ಹಾಲುಹಲ್ಲುಗಳು ಸೂಜಿಯಷ್ಟು ಚೂಪು, ದವಡೆಯಲ್ಲಿ ಮಾತ್ರ ಬಲವಿಲ್ಲ. ಜೋರಾಗಿ ಕಚ್ಚಿದರೆ ಒಡಹುಟ್ಟಿದ ಮರಿ ಕುಂಯ್ ಎಂದು ಆಟ ಬಿಡುತ್ತದೆ, ತಾಯಿ ಎದ್ದು ಹೋಗುತ್ತದೆ. ಬೇಗನೆ ತಾಯಿಯಿಂದ ಬಿಡಿಸಿ ತಂದ ಮರಿಗೆ ಈ ಪಾಠ ಅರ್ಧಕ್ಕೇ ನಿಂತಿರುತ್ತದೆ. ಉಳಿದದ್ದನ್ನು ಕಲಿಸುವುದು ಮನೆಯ ಹಿರಿಯ ನಾಯಿ. 6–7 ತಿಂಗಳಿಗೆ 42 ಗಟ್ಟಿ ಹಲ್ಲು ಬರುವ ಮುಂಚೆ ಕಲಿತರೆ ಎಲ್ಲರಿಗೂ ಕ್ಷೇಮ.

ಆದ್ದರಿಂದ ದೊಡ್ಡ ನಾಯಿ ಗುರ್ ಎಂದಿತೆಂದು ಅದನ್ನು ಹೊಡೆಯಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗುರುಗುಟ್ಟುವುದು ಎಚ್ಚರಿಕೆ. ಏಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ಮುಂದಿನ ಸಲ ನೇರ ಕಚ್ಚಬಹುದು. ಮರಿಯನ್ನೇ ನಯವಾಗಿ ಎತ್ತಿ ಬೇರೆಡೆ ಬಿಡಿ. ವಯಸ್ಸಾದ, ಕೀಲುನೋವಿರುವ ನಾಯಿಗೆ ಮರಿ ಹತ್ತಲಾಗದ ಜಗುಲಿಯ ಒಂದು ಮೂಲೆ ಬೇಕೇ ಬೇಕು. ಮೀನಿನ ತಲೆ ಹಾಕುವುದಾದರೆ ಇಬ್ಬರಿಗೂ ದೂರ ದೂರ ಹಾಕಿ. ಅನ್ನದ ತಟ್ಟೆಯ ಬಳಿ ಆಟ ಜಗಳಕ್ಕೆ ತಿರುಗುವುದು ಬೇಗ.

ಜಗಳವನ್ನು ಗುರುತಿಸುವುದು ಹೇಗೆ? ಆಟದಲ್ಲಿ ಮೈ ಸಡಿಲ, ಬಾಯಿ ತೆರೆದಿರುತ್ತದೆ, ನಡುನಡುವೆ ಬಿಡುವು. ಮೈ ಸೆಟೆದು, ಬಾಯಿ ಬಿಗಿದು, ನೋಟ ನೆಟ್ಟು ನಿಂತರೆ ಬೇರೆ ಮಾಡಿ. ಅನುಮಾನವಿದ್ದರೆ ದೊಡ್ಡದನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಮರಿ ತಾನಾಗಿ ಮತ್ತೆ ಅದರ ಮೇಲೆ ಹಾರಿ ಬಂದರೆ ಆಟವೇ. ಓಡಿ ಅವಿತುಕೊಂಡರೆ ಅಂದಿಗೆ ಸಾಕು.

ಬೀದಿನಾಯಿಗಳಲ್ಲೂ ಕೂಡುಕುಟುಂಬವಿದೆ! ಕೋಲ್ಕತ್ತಾದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಮತ್ತು ಮಾನಬಿ ಪಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ತಾಯಿ ಹಾಲೂಡಿಸಿ ನೆಕ್ಕಿ ಶುಚಿಮಾಡಿದರೆ, ತಂದೆಯೆಂದು ತೋರುವ ಗಂಡುನಾಯಿ ಹೆಚ್ಚಾಗಿ ಮರಿಗಳೊಡನೆ ಆಡುತ್ತದೆ, ಅವನ್ನು ಕಾಯುತ್ತದೆ. ಆದರೂ ಅದೇ ತಂಡದ 2016ರ ವರದಿಯಂತೆ, ಮರಿ ಹಾಕುವ ವಯಸ್ಸಿನವರೆಗೆ ಬದುಕಿದ್ದು ಶೇ. 19ರಷ್ಟು ಮರಿಗಳು ಮಾತ್ರ. ಸಾವುಗಳಲ್ಲಿ ಶೇ. 63ರಷ್ಟಕ್ಕೆ ಮನುಷ್ಯರು ಕಾರಣ. ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಾಡಿ ಓಡಿಸುವವರು ದಯವಿಟ್ಟು ಇದನ್ನು ನೆನಪಿಡಿ.

ರೋಗದ ಬಗ್ಗೆಯೂ ಎಚ್ಚರವಿರಲಿ. ಮರಿಗಳಿಗೆ ಮಾರಕವಾದ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. 6ರಿಂದ 8 ವಾರಕ್ಕೆ ಮರಿಗೆ ಮೊದಲ ಲಸಿಕೆ ಹಾಕಿಸಿ, ಊರ ನಾಯಿಗಳ ಜೊತೆ ಆಡಲು ಬಿಡುವುದು ಮುಂದಿನ ಡೋಸ್‌ಗಳೂ ಮುಗಿದ ಮೇಲೆ. ರೇಬಿಸ್ ಲಸಿಕೆ 3 ತಿಂಗಳಿಗೆ. ಆಟದ ನಡುವೆ ಕೈ ಹಾಕಿದ ಮಕ್ಕಳಿಗೆ ಹಲ್ಲು ಗೀರಿದರೂ ಸುಣ್ಣ, ಅರಿಶಿನ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.