ಆಟಿಸಂ: ಇಲಿಯಿಂದ ತಿಳಿದದ್ದೆಷ್ಟು?

ಮೊನ್ನೆ ಜುಮಾ ಖುತ್ಬಾದಲ್ಲಿ ಖತೀಬರು ಮೂಕ ಪ್ರಾಣಿಗಳ ಮೇಲಿನ ದಯೆಯ ಕುರಿತು ಮಾತಾಡಿದರು. ಪ್ರಯಾಣದ ನಡುವೆ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡದ್ದು, ತಾಯಿಹಕ್ಕಿ ರೆಕ್ಕೆ ಬಡಿಯತೊಡಗಿದ್ದು, ಅದನ್ನು ಕಂಡ ಪ್ರವಾದಿ(ಸ) ಮರಿಗಳನ್ನು ಮರಳಿ ಕೊಡಲು ಹೇಳಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ನಮಾಝ್ ಮುಗಿಸಿ ಖೂಬಾ ಪ್ಲಾಟ್‌ನ ರಸ್ತೆಗೆ ಬಂದಾಗ ಪರಿಚಯದ ತಂದೆಯೊಬ್ಬರು ಮೊಬೈಲ್ ಮುಂದೆ ಹಿಡಿದರು.

"ಭಾಯ್, ಇದು ನೋಡ್ರಿ. ಇಲಿಗಿ ಆಟಿಸಂ ವಾಸಿ ಆಗ್ಯಾದಂತ. ನಮ್ಮ ಹುಡುಗಗೂ ಆಗ್ತದೇನ್ರಿ?"

ಅವರ ಏಳು ವರ್ಷದ ಮಗನಿಗೆ ಆಟಿಸಂ ಇದೆ. ವಾಟ್ಸ್‌ಆ್ಯಪ್ ಸಂದೇಶದ ಕೊನೆಯಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು, ಲಕ್ಷಗಳ ಲೆಕ್ಕದ ದರ. ಅವರು ಮನೆಯ ಒಡವೆ ಅಡವಿಡುವ ಯೋಚನೆಯಲ್ಲಿದ್ದರು. ಈ ಲೇಖನ ಅವರಿಗಾಗಿ, ಅಂಥ ಇತರ ಮನೆಗಳಿಗಾಗಿ.

ಸಂದೇಶದ ಮೊದಲ ಭಾಗ ಪೂರ್ತಿ ಸುಳ್ಳಲ್ಲ. ಇಲಿಗಳ ಮೇಲೆ ಇಂಥ ಸಂಶೋಧನೆ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜೇಮ್ಸ್ ಕ್ಲೆಮೆಂಟ್ ಮತ್ತು ತಂಡದವರು ಸಿನ್‌ಗ್ಯಾಪ್1 ಎಂಬ ಜೀನ್‌ನ ಬೆನ್ನು ಹತ್ತಿದ್ದಾರೆ. ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಮಕ್ಕಳಲ್ಲಿ ಬುದ್ಧಿಬೆಳವಣಿಗೆ ಕುಂಠಿತವಾಗುತ್ತದೆ, ಅನೇಕರಲ್ಲಿ ಫಿಟ್ಸ್ ಮತ್ತು ಆಟಿಸಂ ಲಕ್ಷಣಗಳೂ ಕಾಣುತ್ತವೆ. ಅದೇ ಜೀನ್‌ನ ಒಂದು ಪ್ರತಿ ಕೆಡಿಸಿದ ಇಲಿಗಳನ್ನು ಬೆಳೆಸಿ ಮಿದುಳನ್ನು ಪರೀಕ್ಷಿಸುತ್ತಾರೆ. ಇಲ್ಲಿ ಇಲಿ ಎಂದರೆ ಹೆಗ್ಗಣವಲ್ಲ, ಅಂಗೈಯಲ್ಲಿ ಹಿಡಿಸುವ ಚಿಟ್ಟಿಲಿ. ಇಂಥ ಇಲಿಮರಿಗಳಲ್ಲಿ ನರಕೋಶಗಳ ನಡುವಿನ ಕೊಂಡಿಗಳು ಅವಧಿಗೆ ಮುಂಚೆಯೇ ಬಲಿತುಬಿಡುತ್ತವೆ ಎಂದು ಕ್ಲೆಮೆಂಟ್ ಅವರು ಅಮೆರಿಕದಲ್ಲಿದ್ದಾಗ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ದೊಡ್ಡದಾದ ಮೇಲೆ ಜೀನ್ ಸರಿಪಡಿಸಿದರೂ ನಡವಳಿಕೆ ಸುಧಾರಿಸಲಿಲ್ಲ. ಮುಂದೆ ಜಕ್ಕೂರಿನಲ್ಲಿ 6ಬಿಐಒ ಎಂಬ ರಾಸಾಯನಿಕ ಕೊಟ್ಟಾಗ ಇಲಿಗಳ ಕಲಿಕೆ, ನೆನಪು ಉತ್ತಮಗೊಂಡವು. ಇದು ಇಲಿಗಳ ಫಲಿತಾಂಶ. ಮನುಷ್ಯರ ಔಷಧವಲ್ಲ.

ಹಾಗಾದರೆ ಇಲಿಗೆ ಆಟಿಸಂ ಇದೆ ಎಂದು ಗೊತ್ತಾಗುವುದು ಹೇಗೆ? ನಿಜ ಹೇಳಬೇಕೆಂದರೆ ಇಲಿಗೆ ಆಟಿಸಂ ಇಲ್ಲ. ಮಗುವಿನಲ್ಲಿ ಆಟಿಸಂ ಗುರುತಿಸಲು ರಕ್ತಪರೀಕ್ಷೆಯೇ ಇಲ್ಲ. ಮಾತು, ನೋಟ, ಆಟ, ಒಂದನ್ನೇ ಮತ್ತೆ ಮತ್ತೆ ಮಾಡುವ ರೀತಿ ಇವನ್ನು ಗಮನಿಸಿ ವೈದ್ಯರು ಹೇಳುತ್ತಾರೆ. ಇಲಿಗೆ ಮಾತೆಲ್ಲಿದೆ? ಆದ್ದರಿಂದ ವಿಜ್ಞಾನಿಗಳು ಮೂರು ಕೋಣೆಗಳ ಪೆಟ್ಟಿಗೆ ಬಳಸುತ್ತಾರೆ. ಇಲಿಯನ್ನು ನಡುಕೋಣೆಯಲ್ಲಿ ಬಿಡುತ್ತಾರೆ. ಒಂದು ಬದಿಯ ಕೋಣೆಯಲ್ಲಿ ತಂತಿ ಬುಟ್ಟಿಯೊಳಗೆ ಅಪರಿಚಿತ ಇಲಿ, ಇನ್ನೊಂದು ಬದಿ ಖಾಲಿ ಬುಟ್ಟಿ. ಎಲ್ಲಿ ಎಷ್ಟು ಹೊತ್ತು ಕಳೆಯಿತೆಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯ ಇಲಿ ಜೊತೆಗಾರನ ಕಡೆ ಹೋಗುತ್ತದೆ. ಹೋಗದಿದ್ದರೆ 'ಸಾಮಾಜಿಕತೆ ಕಡಿಮೆ' ಎಂದು ಬರೆದುಕೊಳ್ಳುತ್ತಾರೆ. ಅದು ಭಯದಿಂದ ಹೋಗಲಿಲ್ಲವೋ, ವಾಸನೆ ಹತ್ತಲಿಲ್ಲವೋ ಎಂಬುದನ್ನು ಬೇರೆ ಪರೀಕ್ಷೆಗಳಿಂದ ತಿಳಿಯಬೇಕು.

ಅನುಕಂಪವನ್ನು ಅಳೆಯುವುದು ಇನ್ನೂ ಕಷ್ಟ. 2006ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು, ಜೊತೆಯಲ್ಲಿ ಬಾಳಿದ ಇಲಿಯೂ ನೋವಿನಲ್ಲಿದ್ದರೆ ಇಲಿಯ ನೋವಿನ ವರ್ತನೆ ಹೆಚ್ಚುತ್ತದೆ, ಅಪರಿಚಿತ ಇಲಿಯಾದರೆ ಹಾಗಾಗುವುದಿಲ್ಲ ಎಂದು ಕಂಡರು. 2011ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ದೊಡ್ಡ ಇಲಿಗಳು ಕೊಳವೆಯಲ್ಲಿ ಸಿಕ್ಕಿಬಿದ್ದ ಸಂಗಾತಿಯನ್ನು ಬಾಗಿಲು ತೆರೆದು ಬಿಡಿಸಿದವು. ಇನ್ನೊಂದು ಕೊಳವೆಯಲ್ಲಿ ಚಾಕೊಲೇಟ್ ಇಟ್ಟರೂ ಎರಡನ್ನೂ ತೆರೆದು, ಎಷ್ಟೋ ಸಲ ಚಾಕೊಲೇಟ್ ಹಂಚಿಕೊಂಡವು. ಇದು ಅನುಕಂಪವಲ್ಲ, ಜೊತೆ ಬೇಕೆಂಬ ಆಸೆಯಷ್ಟೇ ಎಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಪ್ರಾಣಿಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಕುರ್‌ಆನಿನ ಅನ್‌ಆಮ್ ಅಧ್ಯಾಯದಲ್ಲಿ ಓದಿದ ನಮಗೆ ಕೊಳವೆಯ ಇಲಿಯ ವಿಷಯ ಅಷ್ಟು ಅಚ್ಚರಿ ತರಲಿಕ್ಕಿಲ್ಲ.

ಈಗ ಒಡವೆಯ ಪ್ರಶ್ನೆಗೆ ಬರೋಣ. ಫ್ರಜೈಲ್ ಎಕ್ಸ್ ಎಂಬ ಇನ್ನೊಂದು ಸ್ಥಿತಿಯಿದೆ. ಒಂದೇ ಜೀನ್‌ನಿಂದ ಬರುವ ಆಟಿಸಂಗೆ ಅದು ಮುಖ್ಯ ಕಾರಣಗಳಲ್ಲೊಂದು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಆ ದೋಷವಿರುವ ಇಲಿಗಳಲ್ಲಿ, ಭಯ ಮತ್ತು ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗವನ್ನು ಪರೀಕ್ಷಿಸಿದರು. ಒಂದು ರಾಸಾಯನಿಕ ಕೊಟ್ಟಾಗ ಅಲ್ಲಿನ ಕೆಲವು ದೋಷಗಳು ಸರಿಹೋದವು, ಎಲ್ಲವೂ ಅಲ್ಲ. ಬೇರೆ ದೇಶಗಳ ಪ್ರಯೋಗಾಲಯಗಳಲ್ಲೂ ಇಲಿಗಳಿಂದ ಒಳ್ಳೆಯ ಸುದ್ದಿ ಬಂತು. ಅದೇ ರೀತಿ ಕೆಲಸ ಮಾಡುವ ಮಾವೊಗ್ಲುರಾಂಟ್ ಎಂಬ ಔಷಧವನ್ನು ಫ್ರಜೈಲ್ ಎಕ್ಸ್ ಇರುವ ಹದಿಹರೆಯದವರಿಗೂ ದೊಡ್ಡವರಿಗೂ ಕೊಟ್ಟು ನೋಡಿದರು. ಖಾಲಿ ಗುಳಿಗೆ ತಿಂದವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 2014ರಲ್ಲಿ ಆ ಪ್ರಯತ್ನ ನಿಂತಿತು. ಇಷ್ಟು ಸಿದ್ಧತೆ ಮಾಡಿದ ಔಷಧದ ಗತಿಯೇ ಹೀಗಾದರೆ ವಾಟ್ಸ್‌ಆ್ಯಪ್ ಚಿಕಿತ್ಸೆಯ ಮಾತೇನು?

ಇನ್ನು ಸ್ಟೆಮ್ ಸೆಲ್. ಇಲಿಯ ಸುದ್ದಿಗೂ ಅದಕ್ಕೂ ಸಂಬಂಧವೇ ಇಲ್ಲ, ಜಾಹೀರಾತುದಾರ ಎರಡನ್ನೂ ಹೊಲಿದಿದ್ದಾನೆ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಕೆಲವು ರಕ್ತಸಂಬಂಧಿ ರೋಗಗಳಂಥವನ್ನು ಬಿಟ್ಟು ಬೇರೆಡೆ ಸ್ಟೆಮ್ ಸೆಲ್ ಬಳಕೆ ಅನುಮೋದಿತ ಪ್ರಯೋಗಗಳಲ್ಲಿ ಮಾತ್ರ ನಡೆಯಬೇಕು. ಅಂಥ ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ದರಪಟ್ಟಿ ಬಂತೆಂದರೆ ಅಲ್ಲೇ ಅನುಮಾನಿಸಿ. ಪ್ರತಿ ಕಾಯಿಲೆಗೂ ಮದ್ದಿದೆ ಎಂಬ ಹದೀಸ್ ಮುಂದಿಟ್ಟು ಮಾರುವವರೂ ಇದ್ದಾರೆ. ಮದ್ದು ಇವರ ಬಳಿಯೇ ಇದೆ ಎಂದು ಆ ಹದೀಸ್ ಹೇಳಿಲ್ಲ.

ನನಗೆ ಹೆಚ್ಚು ಚುಚ್ಚಿದ್ದು ಬೇರೆ ಮಾತು. ಆ ಹುಡುಗನ ಬಗ್ಗೆ ಸಂಬಂಧಿಕರೇ "ಅವಗ ಕರುಳೇ ಇಲ್ಲ" ಅನ್ನುತ್ತಾರಂತೆ. ತಂಗಿ ಬಿದ್ದು ಅತ್ತಾಗ ಅವನು ಕಿವಿ ಮುಚ್ಚಿಕೊಂಡು ಓಡಿದ್ದನ್ನು ಎಲ್ಲರೂ ನೋಡಿದ್ದರು. ಆ ರಾತ್ರಿ ಯಾರಿಗೂ ಮುಟ್ಟಗೊಡದ ತನ್ನ ಸ್ಟೀಲ್ ಚಮಚವನ್ನು ಅವಳ ದಿಂಬಿನ ಪಕ್ಕ ಇಟ್ಟದ್ದನ್ನು ಕಂಡವಳು ತಾಯಿ ಒಬ್ಬಳೇ. ಇನ್ನೊಬ್ಬರ ಮುಖ ಓದುವುದು ಕಷ್ಟ, ಗದ್ದಲ ಸಹಿಸುವುದು ಕಷ್ಟ. ಅದರಿಂದ ನೋವು ತಟ್ಟುವುದೇ ಇಲ್ಲ ಎಂದಾಗುವುದಿಲ್ಲ. ಸ್ವತಃ ಆಟಿಸಂ ಇರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಇಬ್ಬದಿಯ ತೊಡಕು ಎಂದು ಕರೆದರು. ಅವರಿಗೆ ನಾವು ಅರ್ಥವಾಗುವುದಿಲ್ಲ, ನಮಗೂ ಅವರು ಅರ್ಥವಾಗುವುದಿಲ್ಲ. ಮೂರು ಕೋಣೆಯ ಪೆಟ್ಟಿಗೆ ಇದನ್ನು ಅಳೆಯಲಾರದು.

ಆ ತಂದೆಗೆ ನಾನು ಹೇಳಿದ್ದಿಷ್ಟು: ಒಡವೆ ಮನೆಯಲ್ಲೇ ಇರಲಿ. ಮಾತು ಮತ್ತು ನಡವಳಿಕೆಯ ತರಬೇತಿ ನಿಲ್ಲಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಅವರು ಸಂದೇಶ ಅಳಿಸಲಿಲ್ಲ, ಮೊಬೈಲ್ ಜೇಬಿಗಿಟ್ಟುಕೊಂಡರು. ಮುಂದಿನ ಜುಮಾಕ್ಕೆ ಮಗನನ್ನು ಕರೆತಂದಿದ್ದರು. ಧ್ವನಿವರ್ಧಕದಿಂದ ದೂರ, ಬಾಗಿಲ ಹತ್ತಿರದ ಸಾಲಿನಲ್ಲಿ ಇಬ್ಬರಿಗೂ ಜಾಗ ಬಿಟ್ಟಿದ್ದರು.