ಟೇಪ್ ಬ್ಯಾಕಪ್‌ಗೆ ಎಂಥ ಸರ್ವರ್ ಬೇಕು? ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ನಮ್ಮ ಊರಿನ ಬಸದಿಯ ಹಳೆಯ ಲೆಕ್ಕಪತ್ರ, ಶಾಸನಗಳ ಫೋಟೊ, ಕೆಲವು ಮನೆಗಳಲ್ಲಿದ್ದ ಓಲೆಗರಿಗಳ ಸ್ಕ್ಯಾನ್ ಪ್ರತಿ, ಇವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾವು ನಾಲ್ಕೈದು ಜನ ಸ್ವಯಂಸೇವಕರು ನಾಲ್ಕು ವರ್ಷ ಮಾಡಿದೆವು. ಎಲ್ಲವೂ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಎರಡನೆಯ ಪ್ರತಿಯೂ ಇತ್ತು, ಆದರೆ ಅದೇ ಕಪಾಟಿನಲ್ಲಿ. ಒಂದು ಮಳೆಗಾಲದಲ್ಲಿ ಗೋಡೆಯಿಂದ ನೀರಿಳಿದು ಎರಡೂ ಕೆಟ್ಟವು. ರಿಪೇರಿಯವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಟ್ಟರು. ಉಳಿದದ್ದನ್ನು ಮತ್ತೆ ಸ್ಕ್ಯಾನ್ ಮಾಡಲು ಹೋದರೆ ಕೆಲವು ಗರಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದ್ದವು. ಅಷ್ಟರ ಮಟ್ಟಿಗೆ ಮೂಲವೂ ಹೋಯಿತು, ನಕಲೂ ಹೋಯಿತು.

ನಾನು ಎಂಜಿನಿಯರ್ ಅಲ್ಲ. ಓದಿದ್ದು ಪಿಯುಸಿ, ಮಾಡಿದ್ದು ಕಾಳುಕಡಿ ವ್ಯಾಪಾರ. ಆ ನಷ್ಟದ ನಂತರ ಬಲ್ಲವರನ್ನು ಕೇಳಿ, ಓದಿ, ಕೊಂಡು, ಒಮ್ಮೆ ಮೋಸಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಟ್ರಸ್ಟ್, ಗ್ರಂಥಾಲಯ, ವಿದ್ಯಾಸಂಸ್ಥೆ ನಡೆಸುವವರಿಗೆ ಉಪಯೋಗವಾದೀತು.

ಟೇಪ್ ಏಕೆ?

ಟೇಪ್ ಎಂದರೆ ಹಳೆಯ ಕಾಲದ್ದು ಎಂದು ಅನೇಕರು ನಗುತ್ತಾರೆ. 2011ರಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಕೆಲವು ಗ್ರಾಹಕರ ಪತ್ರಗಳೆಲ್ಲ ಕಾಣೆಯಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದಲೇ. ದೋಷ ಆನ್‌ಲೈನ್ ಪ್ರತಿಗಳಿಗೆ ತಟ್ಟಿತ್ತು, ಹೊರಗಿಟ್ಟ ಟೇಪಿಗೆ ತಟ್ಟಿರಲಿಲ್ಲ. ಯಂತ್ರದಿಂದ ತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ವೈರಸ್ ಮುಟ್ಟಲಾರದು. ಸರಿಯಾದ ವಾತಾವರಣದಲ್ಲಿಟ್ಟರೆ 30 ವರ್ಷದವರೆಗೆ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ.

ಈಗ ಹೆಚ್ಚು ಬಳಕೆಯಲ್ಲಿರುವುದು ಎಲ್‌ಟಿಒ ಎಂಬ ಮಾದರಿ. ಅರ್ಧ ಇಂಚು ಅಗಲದ ಟೇಪು, ಅಂಗೈಯಷ್ಟು ದೊಡ್ಡ ಡಬ್ಬಿ. ಎಲ್‌ಟಿಒ-6ರಲ್ಲಿ 2.5 ಟಿಬಿ, 7ರಲ್ಲಿ 6 ಟಿಬಿ, 8ರಲ್ಲಿ 12 ಟಿಬಿ, 9ರಲ್ಲಿ 18 ಟಿಬಿ ಹಿಡಿಯುತ್ತದೆ. ಎಲ್‌ಟಿಒ-8ರ ಡಬ್ಬಿಯ ಮೇಲೆ 30 ಟಿಬಿ ಎಂದೂ ಬರೆದಿರುತ್ತಾರೆ. ಅದು ಕುಗ್ಗಿಸಿದ ಲೆಕ್ಕ. ಜೆಪೆಗ್ ಫೋಟೊ, ವಿಡಿಯೊಗಳು ಮೊದಲೇ ಕುಗ್ಗಿರುವುದರಿಂದ ಮತ್ತೆ ಕುಗ್ಗುವುದಿಲ್ಲ. ತೂಕ ಹಾಕುವಾಗ ಸಣ್ಣ ಅಂಕಿಯನ್ನೇ ಹಿಡಿಯಿರಿ.

ಮೊದಲು ಸರಕಿನ ಲೆಕ್ಕ

ಎ4 ಅಳತೆಯ ಒಂದು ಪುಟವನ್ನು 600 ಡಿಪಿಐನಲ್ಲಿ ಬಣ್ಣದ ಟಿಫ್ ಆಗಿ ಕುಗ್ಗಿಸದೆ ಉಳಿಸಿದರೆ ಸುಮಾರು 100 ಎಂಬಿ. 20,000 ಪುಟಕ್ಕೆ 2 ಟಿಬಿ. ಇಷ್ಟೇ ಇದ್ದರೆ ಎಲ್‌ಟಿಒ-6ರ ಒಂದು ಟೇಪು ಸಾಕು. ವರ್ಷವರ್ಷ ಪ್ರವಚನ, ಉತ್ಸವಗಳ ವಿಡಿಯೊ ಸೇರುತ್ತಿದ್ದರೆ 7 ಅಥವಾ 8 ನೋಡಬೇಕು. ಎಲ್‌ಟಿಒ-7ರವರೆಗಿನ ಡ್ರೈವ್‌ಗಳು ಹಿಂದಿನ ಎರಡು ತಲೆಮಾರಿನ ಟೇಪನ್ನು ಓದುತ್ತವೆ. 8 ಮತ್ತು 9 ಹಿಂದಿನ ಒಂದನ್ನು ಮಾತ್ರ. ಹಳೆಯ ಟೇಪುಗಳಿದ್ದವರು ಇದನ್ನು ಮರೆಯಬಾರದು.

ಡ್ರೈವಿಗೆ ಹಸಿವು ಹೆಚ್ಚು

ಸರ್ವರ್ ಆರಿಸುವುದರಲ್ಲಿ ಮುಖ್ಯ ವಿಷಯ ಇದೇ. ಎಲ್‌ಟಿಒ-6 ಡ್ರೈವ್ ಸೆಕೆಂಡಿಗೆ 160 ಎಂಬಿ ಬರೆಯುತ್ತದೆ, ಅರ್ಧ ಎತ್ತರದ ಎಲ್‌ಟಿಒ-8 ಡ್ರೈವ್ 300 ಎಂಬಿ. ಅಷ್ಟು ವೇಗದಲ್ಲಿ ಸರ್ವರ್ ಮಾಹಿತಿ ಕೊಡದಿದ್ದರೆ ಡ್ರೈವ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಸಾಲದಿದ್ದರೆ ಟೇಪು ನಿಂತು, ಹಿಂದಕ್ಕೆ ಸರಿದು, ಮತ್ತೆ ಮುಂದೆ ಓಡುತ್ತದೆ. ಗಿರಣಿಗೆ ಕಾಳು ಬಿಟ್ಟುಬಿಟ್ಟು ಹಾಕಿದಂತೆ. ಕೆಲಸ ನಿಧಾನ, ಟೇಪು ಮತ್ತು ಹೆಡ್ಡು ಎರಡೂ ಬೇಗ ಸವೆಯುತ್ತವೆ.

ಒಂದು ಜಿಗಾಬಿಟ್ ನೆಟ್‌ವರ್ಕ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಮಾತ್ರ ಬರುತ್ತದೆ. ಆದ್ದರಿಂದ ಬೇರೆ ಕಂಪ್ಯೂಟರಿನಿಂದ ನೇರವಾಗಿ ಟೇಪಿಗೆ ಬರೆಯಬೇಡಿ. ಮೊದಲು ಸರ್ವರಿನ ಒಳಗಿನ ಡಿಸ್ಕಿಗೆ ತಂದು, ಅಲ್ಲಿಂದ ಟೇಪಿಗೆ ಇಳಿಸಿ. ಒಂದೇ ಸಾಮಾನ್ಯ ಹಾರ್ಡ್ ಡಿಸ್ಕ್ 300 ಎಂಬಿ ಕೊಡಲಾರದು. ನಾಲ್ಕು ಡಿಸ್ಕುಗಳ ರೇಡ್, ಇಲ್ಲವೇ ಸೆಕೆಂಡಿಗೆ 500 ಎಂಬಿ ಕೊಡುವ ಎಸ್‌ಎಸ್‌ಡಿ ಬೇಕು. ಸಾವಿರಾರು ಚಿಕ್ಕ ಫೈಲುಗಳಿದ್ದರೆ ಟಾರ್ ಕಡತವಾಗಿ ಒಂದು ಗಂಟು ಕಟ್ಟಿ ಕಳಿಸಿ.

ಕಾರ್ಡು ಮತ್ತು ಜಾಕು

ನಾನು ಮೋಸಹೋದದ್ದು ಇಲ್ಲಿ. ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಹಳೆಯ ಡ್ರೈವ್ ತಂದೆ. ಮನೆಗೆ ಬಂದ ಮೇಲೆ ನೋಡಿದರೆ ಅದು ಫೈಬರ್ ಚಾನೆಲ್‌ನದು. ನಮ್ಮ ಸರ್ವರಿನಲ್ಲಿ ಆ ಕಾರ್ಡೇ ಇಲ್ಲ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೇಳದೆ ಕೊಂಡ ತಪ್ಪು ನನ್ನದೂ ಹೌದು.

ಚಿಕ್ಕ ಸಂಸ್ಥೆಗೆ ಸ್ಯಾಸ್ ಜೋಡಣೆಯ ಹೊರಗಿಡುವ ಡ್ರೈವ್ ಒಳ್ಳೆಯದು. ಸರ್ವರಿನಲ್ಲಿ ಎಂಟು ಲೇನಿನ ಒಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇರಲಿ. ಅದಕ್ಕೆ ಹೊರಜಾಕ್ ಇರುವ ಸ್ಯಾಸ್ ಎಚ್‌ಬಿಎ ಕಾರ್ಡ್ ಹಾಕಬೇಕು. ರೇಡ್ ಕಾರ್ಡಿಗೆ ಟೇಪ್ ಡ್ರೈವ್ ಜೋಡಿಸಬೇಡಿ, ಅನೇಕ ರೇಡ್ ಕಾರ್ಡುಗಳು ಅದನ್ನು ಗುರುತಿಸುವುದಿಲ್ಲ. ಕಾರ್ಡಿನ ಜಾಕು, ಡ್ರೈವಿನ ಜಾಕು ಬೇರೆ ಬೇರೆ ಆಗಿರಬಹುದು. ಎರಡನ್ನೂ ನೋಡಿ ಕೇಬಲ್ ತನ್ನಿ.

ಉಳಿದ ಭಾಗಗಳು

ಪ್ರೊಸೆಸರ್ ದುಬಾರಿಯದು ಬೇಡ, ನಾಲ್ಕು ಕೋರ್ ಸಾಕು. ಕುಗ್ಗಿಸುವುದು, ಗುಪ್ತಲಿಪಿ ಹಾಕುವುದು ಎರಡನ್ನೂ ಡ್ರೈವೇ ಮಾಡಬಲ್ಲದು. ಗುಪ್ತಲಿಪಿ ಹಾಕಿದರೆ ಕೀಲಿಯನ್ನು ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ, ಕೀಲಿ ಕಳೆದರೆ ಟೇಪು ಇದ್ದೂ ಇಲ್ಲದಂತೆ. ಮೆಮರಿ 16 ಅಥವಾ 32 ಜಿಬಿ ಇರಲಿ, ಆದರೆ ಇಸಿಸಿ ಮಾದರಿಯದೇ ಆಗಿರಲಿ. ಮೆಮರಿಯಲ್ಲಿ ಆದ ತಪ್ಪು ಹಾಗೆಯೇ ಟೇಪಿಗೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಯುಪಿಎಸ್ ಇಲ್ಲದೆ ಟೇಪ್ ಕೆಲಸ ಶುರು ಮಾಡಬೇಡಿ. ಎಲ್‌ಟಿಒ-8ರ ಒಂದು ಟೇಪು ಪೂರ್ತಿ ತುಂಬಲು 300 ಎಂಬಿ ವೇಗದಲ್ಲೂ 11 ಗಂಟೆ ಬೇಕು.

ವಿಂಡೋಸ್ ಸರ್ವರಿನ ಜೊತೆಗೆ ಬರುವ ಬ್ಯಾಕಪ್ ಸೌಲಭ್ಯ 2008ರ ಆವೃತ್ತಿಯಿಂದ ಟೇಪಿಗೆ ಬರೆಯುವುದಿಲ್ಲ. ಬೇರೆ ಸಾಫ್ಟ್‌ವೇರ್ ಬೇಕು. ಲಿನಕ್ಸ್‌ನಲ್ಲಿ ಟಾರ್ ಇದೆ. ಎಲ್‌ಟಿಒ-5ರಿಂದ ಈಚೆಗೆ ಎಲ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಟೇಪನ್ನು ಪೆನ್‌ಡ್ರೈವಿನಂತೆ ತೆರೆದು ನೋಡಬಹುದು. ನಾಳೆ ನಾವಿಲ್ಲದಾಗ ಬೇರೆಯವರು ಓದಲು ಇದು ಅನುಕೂಲ.

ಕೊಂಡ ಮೇಲೆ

ಕಿರ್ದಿ ಬರೆದು ಖಾತೆಗೆ ಏರಿಸಿ ತಾಳೆ ನೋಡದಿದ್ದರೆ ಲೆಕ್ಕ ಮುಗಿಯುವುದಿಲ್ಲ. ಇಲ್ಲಿಯೂ ಹಾಗೆಯೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಟೇಪುಗಳನ್ನು 16ರಿಂದ 25 ಡಿಗ್ರಿ ಉಷ್ಣತೆ, ಶೇಕಡಾ 20ರಿಂದ 50 ತೇವಾಂಶದಲ್ಲಿಡಬೇಕು. ಕರಾವಳಿ, ಮಲೆನಾಡಿನವರಿಗೆ ಇದು ಕಷ್ಟ, ಒಂದು ಪ್ರತಿಯನ್ನು ಬಯಲುಸೀಮೆಯ ನೆಂಟರ ಊರಿನಲ್ಲಿಡಿ. ಪ್ರತಿ ಟೇಪಿನಲ್ಲಿ ಏನಿದೆ ಎಂದು ಪುಸ್ತಕದಲ್ಲೂ ಬರೆದಿಡಿ. ವರ್ಷಕ್ಕೊಮ್ಮೆ ಒಂದು ಟೇಪು ತೆಗೆದು ನಿಜವಾಗಿ ಮರಳಿ ಇಳಿಸಿ ನೋಡಿ.

ನಮ್ಮಲ್ಲಿ ಈಗ ಎರಡು ಜೊತೆ ಟೇಪುಗಳಿವೆ, ಒಂದು ಕಚೇರಿಯಲ್ಲಿ, ಒಂದು ಎಂಬತ್ತು ಕಿಲೋಮೀಟರ್ ದೂರದ ನನ್ನ ಮಗಳ ಮನೆಯಲ್ಲಿ. ಪುಡಿಯಾದ ಗರಿಗಳು ಮರಳಿ ಬರುವುದಿಲ್ಲ. ನಿಮ್ಮ ಊರಿನಲ್ಲಿ ಇನ್ನೂ ಗಟ್ಟಿಯಾಗಿರುವ ಗರಿಗಳಿದ್ದರೆ, ಸ್ಕ್ಯಾನರ್ ಕೊಳ್ಳುವ ದಿನವೇ ಬ್ಯಾಕಪ್ಪಿಗೂ ಹಣ ತೆಗೆದಿಡಿ ಎಂಬುದೇ ನನ್ನ ವಿನಂತಿ.